ಸಾಲ್ಸ್‌ಬರಿಯ ಪುನೀತೆ ಮಾರ್ಗರೆಟ್ ಪೋಲ್: ಒಬ್ಬ ತಾಯಿಯ ಚರಿತ್ರೆ

ಮೇ ತಿಂಗಳೆಂದರೆ ನಮಗೆ ಮರಿಯಮಾತೆಯ ತಿಂಗಳು. ಮನೆಮನೆಯಲ್ಲಿ ಜಪಸರ, ಗವಿಗೆ ಹೂವಿನ ಅಲಂಕಾರ, ಕೊನೆಯ ದಿನ ಮಾತೆಯು ಎಲಿಜಬೇತಮ್ಮನವರನ್ನು ಭೇಟಿಯಾದ ಹಬ್ಬ. ಈ ಸಡಗರದ ನಡುವೆ 28ನೇ ತಾರೀಖು ಬಂದು ಹೋಗುವುದು ನಮ್ಮ ಗಮನಕ್ಕೇ ಬರುವುದಿಲ್ಲ. ಆ ದಿನ ಧರ್ಮಸಭೆ ಸ್ಮರಿಸುವ ಪುನೀತೆ ಮಾರ್ಗರೆಟ್ ಪೋಲ್ ಅವರನ್ನು ಗುರುಮಠದಲ್ಲಿ ಧರ್ಮಸಭೆಯ ಇತಿಹಾಸ ಓದುವಾಗ ನಾವು ಒಂದೇ ಸಾಲಿನಲ್ಲಿ ಕಂಡಿದ್ದೆವು: ಕಾರ್ಡಿನಲ್ ರೆಜಿನಾಲ್ಡ್ ಪೋಲರ ತಾಯಿ. ಅಷ್ಟೇ. ಮಗನ ಬಗ್ಗೆ ಪುಟಗಟ್ಟಲೆ ಇತ್ತು. ಸಂತ ಥಾಮಸ್ ಮೋರ್ ಮತ್ತು ಸಂತ ಜಾನ್ ಫಿಷರ್ ಅವರ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆಯೂ ಬರುತ್ತಿತ್ತು. ತಾಯಿಯ ಬಗ್ಗೆ ಯಾರೂ ಕೇಳಲಿಲ್ಲ.

ಆದರೆ ಆ ಒಂದು ಸಾಲಿನ ಹಿಂದೆ 67 ವರ್ಷಗಳ ಬದುಕಿದೆ. ಆ ಬದುಕಿನಲ್ಲಿ ತಂದೆಯ ವಧೆ, ತಮ್ಮನ ವಧೆ, ಮಗನ ವಧೆ, ಕೊನೆಗೆ ತನ್ನದೇ ವಧೆ. ಮಾತೆಯ ತಿಂಗಳಲ್ಲಿ ಈ ತಾಯಿಯ ಚರಿತ್ರೆಯನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಮಾರ್ಗರೆಟ್ ಜನಿಸಿದ್ದು 1473ರ ಆಗಸ್ಟ್ 14ರಂದು, ಇಂಗ್ಲೆಂಡಿನ ಬಾತ್ ಪಟ್ಟಣದ ಸಮೀಪದ ಫಾರ್ಲಿ ಹಂಗರ್‌ಫರ್ಡ್ ಕೋಟೆಯಲ್ಲಿ. ತಂದೆ ಕ್ಲಾರೆನ್ಸಿನ ಡ್ಯೂಕ್ ಜಾರ್ಜ್. ಆತ ಅಂದಿನ ದೊರೆ ನಾಲ್ಕನೆಯ ಎಡ್ವರ್ಡನ ತಮ್ಮ, ಮುಂದೆ ದೊರೆಯಾದ ಮೂರನೆಯ ರಿಚರ್ಡನ ಅಣ್ಣ. (2012ರಲ್ಲಿ ಲೆಸ್ಟರ್ ನಗರದ ಕಾರು ನಿಲ್ದಾಣವೊಂದರ ಅಡಿಯಲ್ಲಿ ಯಾವ ದೊರೆಯ ಮೂಳೆಗಳು ಸಿಕ್ಕವೆಂದು ಜಗತ್ತೆಲ್ಲ ಸುದ್ದಿಯಾಯಿತೋ ಅದೇ ರಿಚರ್ಡ್, ಮಾರ್ಗರೆಟ್ಟರಿಗೆ ಅವನು ಚಿಕ್ಕಪ್ಪ.) ತಾಯಿ ಇಸಬೆಲ್ ನೆವಿಲ್, ಆ ಕಾಲದ ಅತಿ ಶ್ರೀಮಂತ ಮನೆತನದ ಮಗಳು. ಹೀಗೆ ಎರಡೂ ಕಡೆಯಿಂದ ರಾಜರಕ್ತ, ಎರಡೂ ಕಡೆಯಿಂದ ಆಸ್ತಿ. ಯಾರಿಗೆ ಬೇಕು ಇಂಥ ಭಾಗ್ಯ ಎಂದು ಮುಂದಿನ ಕಥೆ ಓದಿದಾಗ ಅನ್ನಿಸುತ್ತದೆ.

ಮಗುವಿಗೆ ಮೂರು ವರ್ಷವಾಗಿದ್ದಾಗ, 1476ರ ಡಿಸೆಂಬರಿನಲ್ಲಿ, ತಾಯಿ ತೀರಿಕೊಂಡರು. ನಾಲ್ಕು ವರ್ಷವಾಗಿದ್ದಾಗ, 1478ರ ಫೆಬ್ರವರಿಯಲ್ಲಿ, ರಾಜದ್ರೋಹದ ಆರೋಪದ ಮೇಲೆ ತಂದೆಯನ್ನು ಲಂಡನ್ ಟವರ್ ಎಂಬ ಕೋಟೆಯೊಳಗೆ ಕೊಲ್ಲಲಾಯಿತು. ಕೊಲ್ಲಿಸಿದವನು ಸ್ವಂತ ಅಣ್ಣ. ದ್ರಾಕ್ಷಾರಸದ ಪೀಪಾಯಿಯಲ್ಲಿ ಮುಳುಗಿಸಿ ಕೊಂದರೆಂಬ ಮಾತು ಅಂದಿನಿಂದಲೂ ಜನರ ಬಾಯಲ್ಲಿದೆ. ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದಲ್ಲಿ ಮಾರ್ಗರೆಟ್ಟರದೆಂದು ಬಹುಕಾಲದಿಂದ ಹೇಳಿಕೊಂಡು ಬಂದ ಒಂದು ಚಿತ್ರವಿದೆ; ಅದರಲ್ಲಿ ವಯಸ್ಸಾದ ಹೆಂಗಸಿನ ಮುಂಗೈಯಿಂದ ಪುಟ್ಟದೊಂದು ಪೀಪಾಯಿಯ ಆಭರಣ ತೂಗುತ್ತಿದೆ. ಚಿತ್ರ ಅವರದೇ ಎಂಬುದಕ್ಕೆ ಖಚಿತ ಆಧಾರವಿಲ್ಲ. ಅವರದೇ ಆಗಿದ್ದರೆ, ಕಾಣದ ತಂದೆಯನ್ನು ಮಗಳು ಮುಪ್ಪಿನವರೆಗೂ ಕೈಯಲ್ಲಿ ಧರಿಸಿಕೊಂಡೇ ನಡೆದರೆಂದು ತಿಳಿಯಬೇಕು.

ಉಳಿದವನು ಒಬ್ಬ ತಮ್ಮ, ಎಡ್ವರ್ಡ್, ವಾರಿಕ್‌ನ ಅರ್ಲ್. 1485ರಲ್ಲಿ ಬಾಸ್‌ವರ್ತ್ ಕಾಳಗದಲ್ಲಿ ರಿಚರ್ಡ್ ಸತ್ತು ಟ್ಯೂಡರ್ ಮನೆತನದ ಏಳನೆಯ ಹೆನ್ರಿ ಪಟ್ಟಕ್ಕೆ ಬಂದಾಗ ಈ ಹುಡುಗನಿಗೆ ಹತ್ತು ವರ್ಷ. ಹಳೆಯ ರಾಜವಂಶದ ಗಂಡು ಕುಡಿ ಹೊರಗಿರುವುದು ಅಪಾಯವೆಂದು ಹೊಸ ದೊರೆ ಅವನನ್ನು ಟವರ್‌ನಲ್ಲಿ ಇಟ್ಟ. ಹದಿನಾಲ್ಕು ವರ್ಷ ಆ ಹುಡುಗ ಗೋಡೆಗಳ ನಡುವೆಯೇ ಬೆಳೆದ. 1499ರ ನವೆಂಬರ್ 28ರಂದು ಅವನ ತಲೆ ಕಡಿಸಲಾಯಿತು. ಆಗ ಅವನಿಗೆ 24 ವರ್ಷ. ಅವನು ಮಾಡಿದ ತಪ್ಪೇನು? ಹುಟ್ಟಿದ್ದು.

ಇಲ್ಲಿ ಒಂದು ವಿಷಯವನ್ನು ನಾವು ಗಮನಿಸಲೇಬೇಕು. ದೊರೆಯ ಹಿರಿಯ ಮಗ ಆರ್ಥರನಿಗೆ ಸ್ಪೇನಿನ ರಾಜಕುಮಾರಿ ಕ್ಯಾಥರೀನರನ್ನು ತರುವ ಮಾತುಕತೆ ಆಗ ನಡೆಯುತ್ತಿತ್ತು. ಸಿಂಹಾಸನಕ್ಕೆ ಬೇರೆ ಹಕ್ಕುದಾರ ಉಳಿದಿರುವಾಗ ಮಗಳನ್ನು ಕೊಡಲು ಸ್ಪೇನಿನ ಅರಮನೆಗೆ ಮನಸ್ಸಿರಲಿಲ್ಲ. ಎಡ್ವರ್ಡನ ತಲೆ ಉರುಳಿದ ಮೇಲೆ ಆ ಅಡ್ಡಿ ತೊಲಗಿತು. 1501ರಲ್ಲಿ ಮದುವೆಯಾಯಿತು. ಆಗ ಮಾರ್ಗರೆಟ್ ಏಳನೆಯ ಹೆನ್ರಿಯ ಬಂಧುವೇ ಆದ ಸರ್ ರಿಚರ್ಡ್ ಪೋಲ್ ಎಂಬವರ ಪತ್ನಿ. ರಿಚರ್ಡ್ ಯುವರಾಜ ಆರ್ಥರನ ಮನೆವಾರ್ತೆಯ ಹಿರಿಯ ಅಧಿಕಾರಿ. ಹಾಗಾಗಿ ವೇಲ್ಸ್ ಗಡಿಯ ಲಡ್ಲೋ ಕೋಟೆಗೆ ಹೊಸ ಸೊಸೆಯಾಗಿ ಬಂದ ಹದಿನಾರರ ಕ್ಯಾಥರೀನರನ್ನು ಎದುರುಗೊಳ್ಳಬೇಕಾದವರಲ್ಲಿ, ಆಕೆಯ ಮದುವೆಗಾಗಿ ತಮ್ಮನನ್ನು ಕಳೆದುಕೊಂಡ ಅಕ್ಕನೂ ಇದ್ದರು.

ಇಂಥ ಇಬ್ಬರು ಹೆಂಗಸರ ನಡುವೆ ಏನು ಹುಟ್ಟಬೇಕಿತ್ತು? ನಮ್ಮ ಊರುಗಳಲ್ಲಿ ಒಂದು ಗೇಣು ಗದ್ದೆಯ ಬದುವಿಗಾಗಿ ಮೂರು ತಲೆಮಾರು ಮಾತು ಬಿಟ್ಟ ಮನೆಗಳನ್ನು ಕಂಡವರು ನಾವು. ಇಲ್ಲಿ ಹುಟ್ಟಿದ್ದು ಸಾಯುವವರೆಗೂ ಮಾಸದ ಸ್ನೇಹ. ಮದುವೆಯಾಗಿ ಆರು ತಿಂಗಳೊಳಗೆ, 1502ರ ಏಪ್ರಿಲ್‌ನಲ್ಲಿ, ಆರ್ಥರ್ ತೀರಿಕೊಂಡ. 1504ರಲ್ಲಿ ಮಾರ್ಗರೆಟ್ಟರ ಪತಿಯೂ ತೀರಿಕೊಂಡರು. ತನ್ನ ಮದುವೆ ನಿರಪರಾಧಿಯ ರಕ್ತದ ಮೇಲೆ ನಡೆದದ್ದರಿಂದಲೇ ತನಗೆ ಕಷ್ಟಗಳು ಬಂದವೆಂದು ಕ್ಯಾಥರೀನ್ ನೊಂದುಕೊಂಡಿದ್ದರೆಂದು ಹಳೆಯ ಇತಿಹಾಸಕಾರರು ದಾಖಲಿಸಿದ್ದಾರೆ. ಆ ನೋವಿಗೆ ಮಾರ್ಗರೆಟ್ ಕೊಟ್ಟ ಉತ್ತರ ಅವರ ಮುಂದಿನ ಮೂವತ್ತು ವರ್ಷಗಳ ನಡತೆ.

ವಿಧವೆಯಾದಾಗ ಮಾರ್ಗರೆಟ್ಟರಿಗೆ 31 ವರ್ಷ. ಹೆನ್ರಿ, ಆರ್ಥರ್, ರೆಜಿನಾಲ್ಡ್, ಜೆಫ್ರಿ, ಅರ್ಸುಲಾ ಎಂಬ ಐದು ಮಕ್ಕಳು. ಗಂಡನ ಶವಸಂಸ್ಕಾರಕ್ಕೇ ಸಾಲ ಮಾಡಬೇಕಾಯಿತು. ರಾಜರ ಅಣ್ಣನ ಮಗಳು ಲಂಡನ್ನಿನ ಬಳಿಯ ಸಾಯನ್ ಮಠದಲ್ಲಿ ಸಂತ ಬ್ರಿಜಿತಮ್ಮನವರ ಸಭೆಯ ಸಂನ್ಯಾಸಿನಿಯರ ಆಶ್ರಯದಲ್ಲಿ ಕೆಲ ವರ್ಷ ದಿನ ನೂಕಿದರು. ಮೂರನೆಯ ಮಗ ರೆಜಿನಾಲ್ಡನನ್ನು ಎಳವೆಯಲ್ಲೇ ಧರ್ಮಸಭೆಗೆಂದು ಮೀಸಲಿಟ್ಟು ಶೀನ್ ಎಂಬಲ್ಲಿನ ಕಾರ್ತೂಸಿಯನ್ ಮಠಕ್ಕೆ ಓದಲು ಕಳುಹಿಸಿದರು. ಭಕ್ತಿಯಿಂದಲೋ ಬಡತನದಿಂದಲೋ ಎಂದು ಕೇಳಿದರೆ, ಎರಡರಿಂದಲೂ ಎನ್ನುವುದೇ ಪ್ರಾಮಾಣಿಕ ಉತ್ತರ. ನಮ್ಮಲ್ಲಿ ಅನೇಕರನ್ನು ಗುರುಮಠದ ಬಾಗಿಲಿಗೆ ತಂದು ಬಿಟ್ಟ ಕೈಗಳಲ್ಲೂ ಎರಡೂ ಇದ್ದವು. ದೇವರು ಎರಡನ್ನೂ ಬಳಸಿಕೊಳ್ಳುತ್ತಾರೆ.

1509ರಲ್ಲಿ ಎಂಟನೆಯ ಹೆನ್ರಿ ದೊರೆಯಾಗಿ ಅಣ್ಣನ ವಿಧವೆ ಕ್ಯಾಥರೀನರನ್ನು ಮದುವೆಯಾದಾಗ ಕಾಲ ಬದಲಾಯಿತು. ರಾಣಿ ಹಳೆಯ ಗೆಳತಿಯನ್ನು ಮರೆಯಲಿಲ್ಲ. 1512ರಲ್ಲಿ ಪಾರ್ಲಿಮೆಂಟು ಮಾರ್ಗರೆಟ್ಟರಿಗೆ ತಾಯಿಯ ಕಡೆಯ ಸಾಲ್ಸ್‌ಬರಿ ಪದವಿಯನ್ನೂ ಆಸ್ತಿಯನ್ನೂ ಮರಳಿಸಿತು. ಗಂಡನ ಹೆಸರಿನಿಂದಲ್ಲದೆ ಸ್ವಂತ ಹಕ್ಕಿನಿಂದಲೇ ಆಕೆ ಕೌಂಟೆಸ್ ಆದರು. ಆ ಶತಮಾನದ ಇಂಗ್ಲೆಂಡಿನಲ್ಲಿ ಇಂಥ ಸ್ಥಾನ ಪಡೆದ ಮತ್ತೊಬ್ಬ ಮಹಿಳೆ ಆನ್ ಬೊಲಿನ್ ಮಾತ್ರ ಎಂಬುದು ವಿಚಿತ್ರ. ದೊರೆ ಇದನ್ನು ಧರ್ಮಕ್ಕೆಂದು ಕೊಡಲಿಲ್ಲ, 5000 ಮಾರ್ಕ್ ಹಣ ಕಟ್ಟಿಸಿಕೊಂಡೇ ಕೊಟ್ಟ. ಮುಂದೆ ಕೆಲವು ಜಮೀನುಗಳ ವಿಷಯದಲ್ಲಿ ದೊರೆಗೂ ಆಕೆಗೂ ತಕರಾರು ಎದ್ದಾಗ ಮಾರ್ಗರೆಟ್ ಸುಲಭವಾಗಿ ಬಿಟ್ಟುಕೊಡಲಿಲ್ಲ. ಪುನೀತರ ಚರಿತ್ರೆಗಳಲ್ಲಿ ಆಸ್ತಿಯ ವ್ಯಾಜ್ಯದ ಮಾತು ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಈಕೆ ಲೆಕ್ಕಪತ್ರ ಬಲ್ಲ, ತನ್ನ ಹಕ್ಕು ತಿಳಿದ, ಹೊಲ ಮನೆ ಆಳುಗಳನ್ನು ತಾನೇ ನಿಂತು ನೋಡಿಕೊಂಡ ಗೃಹಿಣಿ. ಹ್ಯಾಂಪ್‌ಶೈರಿನ ವಾರ್ಬ್ಲಿಂಗ್ಟನ್‌ನಲ್ಲಿ ಕಂದಕ ಸುತ್ತಿದ ದೊಡ್ಡ ಮನೆ ಕಟ್ಟಿಸಿದರು. ಅಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಸೇವಕರಿದ್ದರು. ಈಗ ಅದರ ಒಂದು ಗೋಪುರ ಮಾತ್ರ ಉಳಿದಿದೆ.

1516ರ ಫೆಬ್ರವರಿಯಲ್ಲಿ ಕ್ಯಾಥರೀನರಿಗೆ ಹೆಣ್ಣು ಮಗು ಮೇರಿ ಹುಟ್ಟಿದಾಗ, ದೀಕ್ಷಾಸ್ನಾನದ ಬೆನ್ನಿಗೇ ನಡೆದ ದೃಢೀಕರಣ ಸಂಸ್ಕಾರದಲ್ಲಿ ಜ್ಞಾನತಾಯಿಯಾಗಿ ನಿಂತವರು ಮಾರ್ಗರೆಟ್. 1520ರಲ್ಲಿ ಆ ಮಗುವಿನ ಪಾಲಕಿಯಾಗಿ ನೇಮಕಗೊಂಡರು. 1521ರಲ್ಲಿ ಮಗಳು ಅರ್ಸುಲಾಳ ಮಾವ, ಬಕಿಂಗ್‌ಹ್ಯಾಮ್‌ನ ಡ್ಯೂಕ್, ರಾಜದ್ರೋಹದ ಹೆಸರಿನಲ್ಲಿ ತಲೆ ಕಳೆದುಕೊಂಡಾಗ ಆ ಕೆಲಸ ಹೋಯಿತು. 1525ರಲ್ಲಿ ಮತ್ತೆ ಬಂತು. ಒಂಬತ್ತು ವರ್ಷದ ರಾಜಕುಮಾರಿಯೊಡನೆ ಮಾರ್ಗರೆಟ್ ವೇಲ್ಸ್ ಗಡಿಯ ನಾಡಿಗೆ ಹೋದರು.

ಮುಂದಿನದು ನಿಮಗೆಲ್ಲ ತಿಳಿದ ಇತಿಹಾಸ. ಗಂಡು ಸಂತಾನವಿಲ್ಲವೆಂದು ಹೆನ್ರಿ ಕ್ಯಾಥರೀನರನ್ನು ಬಿಟ್ಟು ಆನ್ ಬೊಲಿನ್‌ಳನ್ನು ವರಿಸಲು ಹೊರಟ. ಪೋಪ್ ಜಗದ್ಗುರುಗಳು ಒಪ್ಪದಾಗ 1534ರಲ್ಲಿ ತಾನೇ ಇಂಗ್ಲೆಂಡಿನ ಧರ್ಮಸಭೆಗೆ ಶಿರಸ್ಸೆಂದು ಕಾನೂನು ಮಾಡಿಸಿದ. 1535ರಲ್ಲಿ ಫಿಷರ್ ಮತ್ತು ಮೋರ್ ಪ್ರಾಣ ಕೊಟ್ಟರು.

ಮಾರ್ಗರೆಟ್ಟರ ಪ್ರತಿಭಟನೆ ಇದಕ್ಕೂ ಮೊದಲೇ, ಸಣ್ಣದೊಂದು ಸಂಗತಿಯಲ್ಲಿ ಕಾಣುತ್ತದೆ. 1533ರಲ್ಲಿ ಮೇರಿಯ ಒಡವೆಗಳನ್ನು ತಂದುಕೊಡುವಂತೆ ಅರಮನೆಯಿಂದ ಆಜ್ಞೆ ಬಂತು. ದೊರೆಯ ಕೈಬರಹದ ಅಪ್ಪಣೆ ಇಲ್ಲದೆ ಕೊಡಲಾರೆ ಎಂದರು ಮಾರ್ಗರೆಟ್. ವರ್ಷದ ಕೊನೆಗೆ ಮೇರಿಯ ಮನೆವಾರ್ತೆಯನ್ನೇ ಒಡೆದು, ಆ ಹದಿನೇಳರ ಹುಡುಗಿಯನ್ನು ಆನ್ ಬೊಲಿನ್‌ಳ ಮಗುವಿನ ಮನೆಗೆ ಕಳುಹಿಸಿದಾಗ, ಸಂಬಳ ಬೇಡ, ನನ್ನ ಖರ್ಚಿನಲ್ಲೇ ನನ್ನ ಆಳುಗಳೊಡನೆ ಬಂದು ಈ ಮಗುವಿನ ಜೊತೆ ಇರುತ್ತೇನೆ ಎಂದು ಕೇಳಿಕೊಂಡರು. ಅನುಮತಿ ಸಿಗಲಿಲ್ಲ. ಮೇರಿ ಕಾಯಿಲೆ ಬಿದ್ದಾಗ ಹಳೆಯ ಪಾಲಕಿಯನ್ನಾದರೂ ಕಳುಹಿಸಿರೆಂದು ಚಕ್ರವರ್ತಿಯ ರಾಯಭಾರಿ ಶಾಪ್ವಿ ಬೇಡಿದ್ದಕ್ಕೆ, ಆ ಹೆಂಗಸು ಅನುಭವವಿಲ್ಲದ ದಡ್ಡಿ ಎಂದನಂತೆ ಹೆನ್ರಿ. ಐದು ಮಕ್ಕಳನ್ನು ಹೆತ್ತು ಸಾಕಿದವರ ಬಗ್ಗೆ ಆಡಿದ ಮಾತಿದು. ದೃಢೀಕರಣದಲ್ಲಿ ಜ್ಞಾನತಾಯಿಯಾಗುವವರು ಮಗುವಿನ ಭುಜದ ಮೇಲೆ ಕೈಯಿಟ್ಟು ನಿಲ್ಲುವುದನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ಆ ಕೈಯನ್ನು ಹದಿನೇಳು ವರ್ಷ ಕಳೆದರೂ ತೆಗೆಯದವರು ಈಕೆ.

ಈಗ ಮಗನ ವಿಷಯಕ್ಕೆ ಬರೋಣ, ಏಕೆಂದರೆ ಇಲ್ಲಿಂದ ಮುಂದೆ ತಾಯಿಯ ಪ್ರಾಣ ಮಗನ ಲೇಖನಿಗೆ ಕಟ್ಟುಬಿದ್ದಿದೆ.

ರೆಜಿನಾಲ್ಡ್ ಅಸಾಧಾರಣ ಬುದ್ಧಿವಂತ. ಆಕ್ಸ್‌ಫರ್ಡ್‌ನಲ್ಲೂ ಆಮೇಲೆ ಇಟಲಿಯ ಪಾದುವಾದಲ್ಲೂ ದೊರೆಯ ಹಣದಲ್ಲೇ ಓದಿದವರು. ದೊರೆಯ ವಿವಾಹ ವಿಚ್ಛೇದನವನ್ನು ಬೆಂಬಲಿಸಿದ್ದರೆ ಯಾರ್ಕಿನ ಮಹಾಧರ್ಮಾಧ್ಯಕ್ಷರಾಗಬಹುದಿತ್ತು. ಅವರು ಒಪ್ಪದೆ 1532ರಲ್ಲಿ ದೇಶ ಬಿಟ್ಟರು. 1536ರಲ್ಲಿ ದೊರೆ ಅಭಿಪ್ರಾಯ ಕೇಳಿದಾಗ, ಧರ್ಮಸಭೆಯ ಐಕ್ಯವನ್ನು ಸಮರ್ಥಿಸುವ ದೀರ್ಘ ಗ್ರಂಥವೊಂದನ್ನು ಬರೆದು ಕಳುಹಿಸಿದರು. ಅದರಲ್ಲಿ ದೊರೆಗೆ ಛೀಮಾರಿ ಇತ್ತು, ಬುದ್ಧಿವಾದವಿತ್ತು, ಎಚ್ಚರಿಕೆಯೂ ಇತ್ತು. ಬರೆದದ್ದು ಸತ್ಯವೇ. ಆದರೆ ಬರೆದವರು ಇದ್ದದ್ದು ಇಟಲಿಯಲ್ಲಿ. ತಾಯಿ, ಅಣ್ಣ, ತಮ್ಮ ಇದ್ದದ್ದು ಹೆನ್ರಿಯ ಕೈಗೆ ಸಿಗುವಲ್ಲಿ.

ಆ ಗ್ರಂಥದ ಸುದ್ದಿಯನ್ನು ದೊರೆಯೇ ಮಾರ್ಗರೆಟ್ಟರಿಗೆ ತಿಳಿಸಿದ. ಆಕೆ ಮಗನಿಗೆ ಬರೆದ ಪತ್ರ ಉಳಿದಿದೆ. ಗಂಡ ಸತ್ತಾಗಲೂ ಮಕ್ಕಳು ಸತ್ತಾಗಲೂ ಆಗದಷ್ಟು ನೋವು ದೊರೆಯ ಕೋಪಕ್ಕೆ ನೀನು ಗುರಿಯಾದದ್ದರಿಂದ ಆಗಿದೆ, ಈ ದಾರಿ ಬಿಟ್ಟು ನಿನ್ನ ಒಡೆಯನ ಸೇವೆಗೆ ಮರಳು, ಇಲ್ಲದಿದ್ದರೆ ನಿನ್ನ ತಾಯಿ ಹಾಳಾದಳೆಂದು ತಿಳಿ ಎಂಬ ಅರ್ಥದ ಪತ್ರ. ಮನೆಯ ಆಳುಗಳನ್ನು ಸೇರಿಸಿ ಮಗ ದ್ರೋಹಿಯೆಂದು ಹೇಳಿದ್ದೂ ಉಂಟು. ರೆಜಿನಾಲ್ಡ್ ಇದಕ್ಕೆ ಉತ್ತರ ಬರೆದರು: ಎಳವೆಯಲ್ಲಿ ನೀನೇ ನನ್ನನ್ನು ಪೂರ್ತಿಯಾಗಿ ದೇವರಿಗೆ ಕೊಟ್ಟೆ, ಕೊಟ್ಟದ್ದನ್ನು ಈಗ ಹಿಂದಕ್ಕೆ ಕೇಳಬೇಡ ಎಂಬ ಭಾವದಲ್ಲಿ.

ಈ ಎರಡು ಪತ್ರಗಳನ್ನು ಏನೆಂದು ಓದಬೇಕು? ಕೆಲವರು ತಾಯಿಯ ಪತ್ರ ಕೇವಲ ಬಲವಂತದ್ದು, ದೊರೆ ಓದಲೆಂದೇ ಬರೆದದ್ದು ಎನ್ನುತ್ತಾರೆ. ದೊರೆಯ ಕಣ್ಣಿಗೆ ಬೀಳುವ ಪತ್ರವೆಂಬುದು ನಿಜ. ಆದರೆ ಅದರೊಳಗಿನ ಭಯವೆಲ್ಲ ನಾಟಕವೆಂದು ಹೇಳಲು ನಮಗೆ ಮನಸ್ಸು ಬಾರದು. ತಂದೆಯನ್ನೂ ತಮ್ಮನನ್ನೂ ಅದೇ ಟವರ್‌ಗೆ ಕಳೆದುಕೊಂಡ ಹೆಂಗಸು, ಉಳಿದ ಮಕ್ಕಳನ್ನು ಉಳಿಸಿಕೊಳ್ಳಲು ಒದ್ದಾಡಿದ್ದು ಅವಿಶ್ವಾಸವಲ್ಲ. ಪುನೀತರಿಗೆ ಹೆದರಿಕೆಯೇ ಇರುವುದಿಲ್ಲ ಎಂದು ಮಕ್ಕಳಿಗೆ ಕಲಿಸುವ ನಾವು ಗೆತ್ಸೆಮನೆಯ ತೋಟವನ್ನು ಮರೆತಿರುತ್ತೇವೆ.

ರೆಜಿನಾಲ್ಡ್ ಮರಳಲಿಲ್ಲ. 1536ರ ಡಿಸೆಂಬರಿನಲ್ಲಿ ಪೋಪ್ ಮೂರನೆಯ ಪೌಲರು ಅವರನ್ನು ಕಾರ್ಡಿನಲ್ ಮಾಡಿದರು. ಅದೇ ಸಮಯಕ್ಕೆ ಉತ್ತರ ಇಂಗ್ಲೆಂಡಿನಲ್ಲಿ ಮಠಗಳನ್ನು ಮುಚ್ಚಿಸುವುದರ ವಿರುದ್ಧ ಸಾವಿರಾರು ಜನ ಕ್ರಿಸ್ತರ ಐದು ಗಾಯಗಳ ಧ್ವಜ ಹಿಡಿದು ದಂಗೆಯೆದ್ದಿದ್ದರು. ಆ ದಂಗೆಗೆ ಬೆಂಬಲವಾಗಲೆಂದು 1537ರಲ್ಲಿ ಪೋಪರು ಪೋಲರನ್ನೇ ಪ್ರತಿನಿಧಿಯಾಗಿ ಕಳುಹಿಸಿದರು. ಅವರು ತಲುಪುವ ಮುನ್ನವೇ ದಂಗೆ ಅಡಗಿತ್ತು. ಹೆನ್ರಿಯ ದೃಷ್ಟಿಯಲ್ಲಿ ಇದು ಹೊರಗಿನ ಶತ್ರುವನ್ನು ಕರೆತರುವ ರಾಜದ್ರೋಹ. ಅವನ ಭಯ ಪೂರ್ತಿ ಕಲ್ಪಿತವಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದಿನದನ್ನು ಹೇಳಬೇಕು. ಕಾರ್ಡಿನಲ್ಲರನ್ನು ಹಿಡಿಯಲು, ಕೊಲ್ಲಿಸಲು ಯತ್ನಗಳು ನಡೆದವು, ಅವರು ಸಿಗಲಿಲ್ಲ. ಸಿಕ್ಕವರು ಮನೆಯವರು.

1538ರಲ್ಲಿ ಮೊದಲು ಸಿಕ್ಕಿಬಿದ್ದವನು ಹ್ಯೂ ಹಾಲೆಂಡ್, ಇಂಗ್ಲೆಂಡಿಗೂ ಫ್ಲಾಂಡರ್ಸಿಗೂ ನಡುವೆ ಪೋಲ್ ಮನೆಯ ಸಂದೇಶ ಸಾಗಿಸುತ್ತಿದ್ದವನು. ಆಗಸ್ಟ್‌ನಲ್ಲಿ ಕಿರಿಯ ಮಗ ಜೆಫ್ರಿಯನ್ನು ಟವರ್‌ಗೆ ಹಾಕಿದರು. ಸುಮಾರು ಎರಡು ತಿಂಗಳು ಒಂಟಿಯಾಗಿಟ್ಟು, ಆಮೇಲೆ ಏಳು ಬಾರಿ ಪ್ರಶ್ನಿಸಿದರು. ಜೆಫ್ರಿ ಗಟ್ಟಿ ಮನುಷ್ಯನಲ್ಲ. ಒಮ್ಮೆ ಚೂರಿಯಿಂದ ತಿವಿದುಕೊಂಡು ಸಾಯಲು ನೋಡಿದ, ಸಾಯಲಿಲ್ಲ. ಕೊನೆಗೆ ಅಣ್ಣ ಹೆನ್ರಿ ಮನೆಯಲ್ಲಿ, ದಾರಿಯಲ್ಲಿ, ತೋಟದಲ್ಲಿ ದೊರೆಯ ಬಗ್ಗೆ ಆಡಿದ ಮಾತುಗಳನ್ನೆಲ್ಲ ಒಪ್ಪಿಸಿದ. ಹಿರಿಯ ಮಗ ಹೆನ್ರಿ, ಅಂದರೆ ಮಾಂಟಗ್ಯೂ ಪ್ರಭು, 1539ರ ಜನವರಿಯಲ್ಲಿ ತಲೆ ಕಳೆದುಕೊಂಡ. ಅವನ ಮೇಲಿದ್ದ ಆರೋಪಗಳಲ್ಲಿ ಕೃತ್ಯ ಒಂದೂ ಇಲ್ಲ, ಎಲ್ಲವೂ ಮಾತು: ದೊರೆಯ ನಡೆ ಇಷ್ಟವಿಲ್ಲ, ತಮ್ಮ ರೆಜಿನಾಲ್ಡ್ ಮಾಡಿದ್ದು ಸರಿ. ಜೆಫ್ರಿಗೆ ಕ್ಷಮೆ ಸಿಕ್ಕಿತು. ಆ ಕ್ಷಮೆಯನ್ನು ಹೊತ್ತುಕೊಂಡು ಅವನು ಇನ್ನೂ ಸುಮಾರು ಇಪ್ಪತ್ತು ವರ್ಷ ಬದುಕಿದ. ಅವನನ್ನು ಜೂದಾಸನೆಂದು ಕರೆದು ಮುಗಿಸಿಬಿಡುವುದು ಸುಲಭ. ಟವರ್‌ನ ಆ ಕೋಣೆಯಲ್ಲಿ ಎರಡು ತಿಂಗಳು ಕೂತವರು ಮಾತ್ರ ಹಾಗೆ ಕರೆಯಲಿ.

ತಾಯಿಯ ವಿಚಾರಣೆ ನಡೆದದ್ದು 1538ರ ನವೆಂಬರಿನಲ್ಲಿ, ವಾರ್ಬ್ಲಿಂಗ್ಟನ್‌ನ ಮನೆಯಲ್ಲೇ. ಬಂದವರು ಸೌತಾಂಪ್ಟನ್‌ನ ಅರ್ಲ್ ವಿಲಿಯಂ ಫಿಟ್ಸ್‌ವಿಲಿಯಂ ಮತ್ತು ಈಲಿಯ ಧರ್ಮಾಧ್ಯಕ್ಷ ಥಾಮಸ್ ಗುಡ್ರಿಚ್. ಬೆಳಗಿನಿಂದ ರಾತ್ರಿಯವರೆಗೆ ಬೆದರಿಸಿ ನೋಡಿದರು, ಪುಸಲಾಯಿಸಿ ನೋಡಿದರು. 65 ವರ್ಷದ ವೃದ್ಧೆ ಒಂದು ಮಾತನ್ನೂ ತಪ್ಪಿ ಆಡಲಿಲ್ಲ. ಇಂಥವರನ್ನು ತಾವು ಹಿಂದೆಂದೂ ಕಂಡಿಲ್ಲ, ಈಕೆ ಹೆಂಗಸಲ್ಲ ಗಂಡಸು ಎನ್ನಬೇಕು ಎಂಬರ್ಥದಲ್ಲಿ ಅವರೇ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ಗೆ ಬರೆದರು. ಒಂದೋ ಮಕ್ಕಳು ತಮ್ಮ ಗುಟ್ಟನ್ನು ಈಕೆಗೆ ತಿಳಿಸಿಲ್ಲ, ಇಲ್ಲವೇ ಈಕೆಯಂಥ ದ್ರೋಹಿ ಇನ್ನೊಬ್ಬಳಿಲ್ಲ ಎಂಬುದು ಅವರ ತರ್ಕ. ಮನೆಯ ಆಳುಗಳು, ಒಕ್ಕಲುಗಳು ಇಂಗ್ಲಿಷ್ ಭಾಷೆಯ ಹೊಸ ಒಡಂಬಡಿಕೆಯನ್ನು ಓದದಂತೆ ಆಕೆ ತಡೆದಿದ್ದರೆಂಬ ದೂರೂ ಬಂದಿತ್ತು. ಬಲಿಪೂಜೆಯನ್ನೂ ಬೈಬಲ್ಲನ್ನೂ ಕನ್ನಡದಲ್ಲೇ ಕೇಳುವ ನಮಗೆ ಇದು ಹಿಡಿಸುವ ಮಾತಲ್ಲ. ಆ ಕಾಲದಲ್ಲಿ ಆ ಪುಸ್ತಕ ಒಂದು ಪಕ್ಷದ ಗುರುತಾಗಿತ್ತು ಎಂಬುದು ಕಾರಣ. ಕಾರಣವಿದ್ದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ.

ಆಕೆಯನ್ನು ಫಿಟ್ಸ್‌ವಿಲಿಯಂನ ಕೌಡ್ರೆ ಮನೆಗೆ ಒಯ್ದು ತಿಂಗಳುಗಟ್ಟಲೆ ಬಂಧಿಸಿಟ್ಟರು. ಗಂಡ ಇಲ್ಲದಾಗ ಈ ಕೈದಿಯೊಡನೆ ಒಬ್ಬಳೇ ಮನೆಯಲ್ಲಿರಲಾರೆ ಎಂದಳಂತೆ ಆ ಮನೆಯೊಡತಿ. ಯಾರಿಗೆ ಯಾರ ಭಯ ನೋಡಿ!

1539ರ ಮೇ ತಿಂಗಳಲ್ಲಿ ಪಾರ್ಲಿಮೆಂಟು ಆಕೆಯ ಮೇಲೆ ಶಿಕ್ಷಾ ಶಾಸನ ಹೊರಡಿಸಿತು. ಇದು ನ್ಯಾಯಾಲಯದ ತೀರ್ಪಲ್ಲ. ಆರೋಪಿಯನ್ನು ಕರೆಯದೆ, ಸಾಕ್ಷಿ ಕೇಳದೆ, ಕಾನೂನು ಮಾಡುವ ಸಭೆಯೇ ಮರಣದಂಡನೆ ವಿಧಿಸುವ ಕ್ರಮ. ಸಭೆಯಲ್ಲಿ ಕ್ರಾಮ್‌ವೆಲ್ ಬಿಳಿ ರೇಷ್ಮೆಯ ಒಂದು ಮೇಲಂಗಿ ಎತ್ತಿ ತೋರಿಸಿದ. ಆಕೆಯ ಪೆಟ್ಟಿಗೆಯಲ್ಲಿ ಸಿಕ್ಕಿತೆಂದ. ಮುಂದೆ ಇಂಗ್ಲೆಂಡಿನ ರಾಜಲಾಂಛನ, ಸುತ್ತ ಪೋಲ್ ಮನೆತನದ ಪ್ಯಾನ್ಸಿ ಹೂ ಮತ್ತು ಮೇರಿಯ ಮಾರಿಗೋಲ್ಡ್ ಹೂ. ಬೆನ್ನಿಗೆ ಕ್ರಿಸ್ತರ ಐದು ಗಾಯಗಳು. ಕಾರ್ಡಿನಲ್ ಪೋಲರು ಮೇರಿಯನ್ನು ಮದುವೆಯಾಗಿ ಹಳೆಯ ಧರ್ಮವನ್ನು ಮರಳಿ ತರುವ ಸಂಚು ಇದೆಂದು ಅರ್ಥ ಹೇಳಿದರು. (ಪೋಲರು ಆಗಿನ್ನೂ ಯಾಜಕ ದೀಕ್ಷೆ ಪಡೆದಿರಲಿಲ್ಲ.) ಮನೆ ಶೋಧಿಸಿ ಆರು ತಿಂಗಳಾದ ಮೇಲೆ ಈ ಅಂಗಿ ಪ್ರತ್ಯಕ್ಷವಾದದ್ದು ಹೇಗೆಂದು ಇತಿಹಾಸಕಾರರು ಇಂದಿಗೂ ಸಂಶಯಪಡುತ್ತಾರೆ. ಮರು ವರ್ಷವೇ, 1540ರ ಜುಲೈ 28ರಂದು, ಅದೇ ಬಗೆಯ ಶಾಸನದಿಂದ, ವಿಚಾರಣೆಯಿಲ್ಲದೆ, ಕ್ರಾಮ್‌ವೆಲ್‌ನ ತಲೆಯೇ ಹೋಯಿತು. ಆಗ ಮಾರ್ಗರೆಟ್ ಟವರ್‌ನಲ್ಲಿ ಇನ್ನೂ ಬದುಕಿದ್ದರು.

ಅಲ್ಲಿ ಅವರ ಜೊತೆಗಿದ್ದವನು ಮೊಮ್ಮಗ ಹೆನ್ರಿ, ಮಾಂಟಗ್ಯೂವಿನ ಎಳೆಯ ಮಗ. ಟವರ್‌ನ ಚಳಿ ಮುದುಕಿಯನ್ನು ಕಾಡಿತು. 1541ರ ಮಾರ್ಚ್‌ನಲ್ಲಿ ಹೆನ್ರಿಯ ಐದನೆಯ ಪತ್ನಿ, ಎಳೆಯ ವಯಸ್ಸಿನ ಕ್ಯಾಥರೀನ್ ಹವರ್ಡ್, ತನ್ನ ದರ್ಜಿಯಿಂದ ಬಟ್ಟೆ ಹೊಲಿಸಿ ಕಳುಹಿಸಿದಳು: ತುಪ್ಪಳದ ಒಳಪದರವಿರುವ ರಾತ್ರಿ ಉಡುಪು, ಲಂಗ, ಕಾಲಿಗೆ ಬೂಟು, ಚಪ್ಪಲಿ. ಬತ್ತಲೆಯಿದ್ದವರಿಗೆ ಉಡಿಸುವುದು, ಸೆರೆಯಲ್ಲಿದ್ದವರನ್ನು ನೆನೆಯುವುದು ದಯಾಕಾರ್ಯಗಳೆಂದು ಧರ್ಮೋಪದೇಶದಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಹೆಚ್ಚು ಗೌರವ ಸಿಗದೆ ಹೋದ ಆ ರಾಣಿ ಅದನ್ನು ಮಾಡಿ ತೋರಿಸಿದಳು. ಮುಂದಿನ ಫೆಬ್ರವರಿಯಲ್ಲಿ ಅವಳ ತಲೆಯನ್ನೂ ಕಡಿಯಲಾಯಿತು.

1541ರ ವಸಂತದಲ್ಲಿ ಯಾರ್ಕ್‌ಶೈರಿನಲ್ಲಿ ಇನ್ನೊಂದು ಸಂಚು ಬಯಲಾಯಿತು. ಉತ್ತರದ ಪ್ರವಾಸಕ್ಕೆ ಹೊರಡಲಿದ್ದ ದೊರೆ, ಹೋಗುವ ಮುನ್ನ ಟವರ್ ಖಾಲಿ ಮಾಡಲು ನಿರ್ಧರಿಸಿದ. ಆ ಸಂಚಿಗೂ ಮಾರ್ಗರೆಟ್ಟರಿಗೂ ಯಾವ ಸಂಬಂಧವೂ ಇರಲಿಲ್ಲ.

ಮೇ 27ರ ಬೆಳಿಗ್ಗೆ, ಇಂದು ನಿನ್ನ ಕೊನೆಯ ದಿನವೆಂದು ಆಕೆಗೆ ತಿಳಿಸಲಾಯಿತು. ತನ್ನ ಅಪರಾಧವೇನೆಂದೇ ತಿಳಿಯದ ಆಕೆಗೆ ಮೊದಲು ಇದು ವಿಚಿತ್ರವಾಗಿ ಕಂಡಿತೆಂದು ಶಾಪ್ವಿ ಬರೆದಿದ್ದಾನೆ. ಆಮೇಲೆ ಆಕೆ ನಡೆದೇ ಬಂದರು. ಏಳು ಗಂಟೆಯ ಹೊತ್ತು; ಲಂಡನ್ನಿನ ಮೇಯರ್ ಸೇರಿ ಸುಮಾರು 150 ಜನ. ಆತ್ಮವನ್ನು ದೇವರಿಗೆ ಒಪ್ಪಿಸಿ, ದೊರೆಗಾಗಿ, ರಾಣಿಗಾಗಿ, ಯುವರಾಜನಿಗಾಗಿ ಪ್ರಾರ್ಥಿಸಿರೆಂದು ಕೇಳಿಕೊಂಡರು. ಮೇರಿಯ ಹೆಸರು ಹೇಳಿ, ತನ್ನ ಜ್ಞಾನಪುತ್ರಿಗೆ ಆಶೀರ್ವಾದ ತಿಳಿಸಿರೆಂದರು. ಸಾಕು ಬೇಗ ತಲೆಯಿಡು ಎಂದರು. ನುರಿತ ವಧಕಾರ ಉತ್ತರಕ್ಕೆ ಹೋಗಿದ್ದ. ಅವನ ಬದಲಿಗೆ ನಿಂತಿದ್ದ ಅನನುಭವಿ ಹುಡುಗ ಆಕೆಯ ತಲೆ, ಹೆಗಲುಗಳನ್ನು ಮತ್ತೆ ಮತ್ತೆ ಕೊಚ್ಚಿದ. ಇದಕ್ಕಿಂತ ಹೆಚ್ಚು ಬರೆಯಲು ನಮ್ಮ ಕೈ ಏಳದು. ಆಕೆ ತಲೆಯಿಡಲು ಒಪ್ಪದೆ ಕಟ್ಟೆಯ ಸುತ್ತ ಓಡಾಡಿದರೆಂಬ ಪ್ರಸಿದ್ಧ ಕಥೆ ಮುಂದಿನ ಶತಮಾನದ ಬರಹಗಾರನದು. ಆ ದಿನಗಳ ಪತ್ರಗಳಲ್ಲಿ ಅದಿಲ್ಲ. ಮೂಲೆಯೊಂದರಲ್ಲಿ ಎಷ್ಟು ಗುಟ್ಟಾಗಿ ಮುಗಿಸಿದರೆಂದರೆ, ಸಂಜೆಯವರೆಗೂ ಊರಿನ ಜನ ಸುದ್ದಿಯನ್ನು ನಂಬಲಿಲ್ಲವೆಂದು ಫ್ರೆಂಚ್ ರಾಯಭಾರಿ ಮಾರಿಯಾಕ್ ಬರೆದ.

ಸುದ್ದಿ ತಲುಪಿದಾಗ ರೆಜಿನಾಲ್ಡ್, ಇನ್ನು ಮೇಲೆ ನಾನು ರಕ್ತಸಾಕ್ಷಿಯ ಮಗನೆಂದು ಹೇಳಿಕೊಳ್ಳಬಲ್ಲೆ ಎಂದು ಕಾರ್ಯದರ್ಶಿಗೆ ಹೇಳಿ, ಒಳಕೋಣೆಗೆ ಹೋಗಿ ಒಂದು ತಾಸು ಒಬ್ಬರೇ ಇದ್ದು ಹೊರಬಂದರಂತೆ. ಹೊರಗೆ ಆಡಿದ ಮಾತು ಎಲ್ಲ ಚರಿತ್ರೆಗಳಲ್ಲೂ ಇದೆ. ಒಳಗೆ ಕಳೆದ ಆ ತಾಸಿನಲ್ಲಿ ಐದು ವರ್ಷ ಹಿಂದಿನ ಆ ಎರಡು ಪತ್ರಗಳು ನೆನಪಾಗಿರದೆ ಇರಲಾರವು.

ವಿಚಾರಣೆಯೇ ಇಲ್ಲದೆ, ರಾಜಕೀಯದ ಸುಳಿಯಲ್ಲಿ ಸತ್ತವರು ರಕ್ತಸಾಕ್ಷಿ ಹೇಗಾದಾರು ಎಂದು ಕೇಳುವವರಿದ್ದಾರೆ. ಮೋರ್ ಅವರಿಗೆ ಮಾತನಾಡಲು ನ್ಯಾಯಾಲಯವಾದರೂ ಇತ್ತು. ಈಕೆಗೆ ಅದೂ ಸಿಗಲಿಲ್ಲ. ಆದರೆ ರೋಮಿನೊಡನೆ ಐಕ್ಯ ಬಿಡದ ಮಗ, ತ್ಯಜಿಸಲ್ಪಟ್ಟ ರಾಣಿಯ ಸ್ನೇಹ, ಐದು ಗಾಯಗಳ ಅಂಗಿ ಇವನ್ನು ತೆಗೆದರೆ ಆಕೆಯನ್ನು ಕೊಲ್ಲಲು ಯಾವ ಕಾರಣವೂ ಉಳಿಯುವುದಿಲ್ಲ. 1583ರಲ್ಲಿ ರೋಮಿನ ಇಂಗ್ಲಿಷ್ ಗುರುಮಠದ ದೇವಾಲಯದ ಗೋಡೆಯ ಮೇಲೆ ರಕ್ತಸಾಕ್ಷಿಗಳ ಸಾಲಿನಲ್ಲಿ ಆಕೆಯ ಚಿತ್ರವೂ ಮೂಡಿತು. 1886ರ ಡಿಸೆಂಬರ್ 29ರಂದು ಪೋಪ್ ಹದಿಮೂರನೆಯ ಲಿಯೋ ಅವರು 54 ಮಂದಿ ಇಂಗ್ಲಿಷ್ ರಕ್ತಸಾಕ್ಷಿಗಳಲ್ಲಿ ಒಬ್ಬರಾಗಿ ಆಕೆಯನ್ನು ಪುನೀತೆಯೆಂದು ದೃಢಪಡಿಸಿದರು.

ಕುಟುಂಬದ ಉಳಿದ ಕಥೆ ಬೇಗ ಹೇಳಬಹುದು. ಮೊಮ್ಮಗ ಹೆನ್ರಿ ಟವರ್‌ನಿಂದ ಹೊರಬರಲೇ ಇಲ್ಲ. ಅಜ್ಜಿಯ ಸಾವಿನ ಬಳಿಕ ಅಂಗಳದಲ್ಲಿ ಓಡಾಡುವುದಕ್ಕೂ ಬಿಡದೆ ಬಿಗಿ ಬಂಧನದಲ್ಲಿಟ್ಟರೆಂದು ಶಾಪ್ವಿ ಬರೆದ. 1542ರ ಈಚೆಗೆ ದಾಖಲೆಗಳಲ್ಲಿ ಅವನ ಹೆಸರೇ ಇಲ್ಲ. ಮೇರಿ 1553ರಲ್ಲಿ ರಾಣಿಯಾದರು. 1554ರ ನವೆಂಬರ್ 30ರಂದು ಕಾರ್ಡಿನಲ್ ಪೋಲರು ಪಾರ್ಲಿಮೆಂಟಿಗೆ ಪಾಪವಿಮೋಚನೆ ನೀಡಿ ಇಂಗ್ಲೆಂಡನ್ನು ರೋಮಿನೊಡನೆ ಮತ್ತೆ ಸೇರಿಸಿದರು, 1556ರಲ್ಲಿ ಯಾಜಕರಾಗಿ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾದರು. ಅದೇ ವರ್ಷಗಳಲ್ಲಿ, ಮಾರ್ಗರೆಟ್ಟರ ಜ್ಞಾನಪುತ್ರಿಯ ಆಳ್ವಿಕೆಯಲ್ಲಿ, ಸುಮಾರು 280 ಮಂದಿ ಪ್ರೊಟೆಸ್ಟೆಂಟರನ್ನು ಬೆಂಕಿಯಲ್ಲಿ ಸುಡಲಾಯಿತು. ಅವರಲ್ಲೂ ತಾಯಂದಿರಿದ್ದರು, ಮುದುಕಿಯರಿದ್ದರು. ಮಾರ್ಗರೆಟ್ಟರ ರಕ್ತವನ್ನು ನೆನೆಯುವ ನಾವು ಇದನ್ನು ಬಿಟ್ಟು ಓದಿದರೆ ಅದು ಇತಿಹಾಸವಾಗುವುದಿಲ್ಲ. 1558ರ ನವೆಂಬರ್ 17ರಂದು ರಾಣಿ ಮೇರಿ ಮತ್ತು ಕಾರ್ಡಿನಲ್ ಪೋಲ್ ಒಂದೇ ದಿನ ತೀರಿಕೊಂಡರು. ಅದಕ್ಕೆ ಕೆಲವೇ ದಿನ ಮೊದಲು ಜೆಫ್ರಿಯೂ ಸತ್ತಿದ್ದ. ಎಲಿಜಬೆತ್ ರಾಣಿಯ ಕಾಲದಲ್ಲಿ ಜೆಫ್ರಿಯ ಇಬ್ಬರು ಗಂಡುಮಕ್ಕಳು, ಆರ್ಥರ್ ಮತ್ತು ಎಡ್ಮಂಡ್, ಸಂಚಿನ ಆರೋಪದ ಮೇಲೆ ಅದೇ ಟವರ್ ಸೇರಿ ಅಲ್ಲೇ ಪ್ರಾಣ ಬಿಟ್ಟರು. ಅವರು ಗೋಡೆಯ ಕಲ್ಲಿನಲ್ಲಿ ಕೆತ್ತಿದ ಹೆಸರುಗಳನ್ನು ಬೋಶಾಂ ಗೋಪುರದಲ್ಲಿ ಇಂದಿಗೂ ನೋಡಬಹುದು.

ಮಾರ್ಗರೆಟ್ಟರನ್ನು ಮಣ್ಣು ಮಾಡಿದ್ದು ಟವರ್‌ನೊಳಗಿನ ಸಂತ ಪೇತ್ರರ ಪ್ರಾರ್ಥನಾಲಯದಲ್ಲಿ. ತಾನು ಮಲಗಬೇಕೆಂದು ಆಕೆ ಆರಿಸಿಕೊಂಡಿದ್ದ ಜಾಗ ಬೇರೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಕ್ರೈಸ್ಟ್‌ಚರ್ಚ್ ಮಠದ ದೇವಾಲಯದಲ್ಲಿ, ಬಲಿಪೀಠದ ಹತ್ತಿರವೇ, ಕಾನ್ ಊರಿನ ಬಿಳಿಗಲ್ಲಿನಲ್ಲಿ ಸೊಗಸಾದ ಸಮಾಧಿ ಗುಡಿಯೊಂದನ್ನು ಕಟ್ಟಿಸಿದ್ದರು. ತನ್ನ ಆತ್ಮಕ್ಕಾಗಿ ಅಲ್ಲಿ ಬಲಿಪೂಜೆ ನಡೆಯಬೇಕೆಂಬ ಆಸೆಯಿತ್ತು. ಆ ಗುಡಿ ಇನ್ನೂ ನಿಂತಿದೆ, ಒಳಗೆ ಯಾರೂ ಇಲ್ಲ. ಚಾವಣಿಯ ಕೆತ್ತನೆಗಳಲ್ಲಿ ಆಕೆಯ ಮನೆತನದ ಲಾಂಛನಗಳಿದ್ದ ಕಡೆಯೆಲ್ಲ ಉಳಿಯ ಗಾಯಗಳಿವೆ. ಮಠವನ್ನು ಮುಚ್ಚಲು ಬಂದ ದೊರೆಯ ಅಧಿಕಾರಿಗಳು 1539ರ ಡಿಸೆಂಬರಿನಲ್ಲಿ ಕ್ರಾಮ್‌ವೆಲ್‌ಗೆ ವರದಿ ಕಳುಹಿಸಿದರು: ರೆಜಿನಾಲ್ಡ್ ಪೋಲನ ದಿವಂಗತ ತಾಯಿ ತನ್ನ ಸಮಾಧಿಗೆಂದು ಕಟ್ಟಿಸಿದ ಗುಡಿಯನ್ನು ವಿರೂಪಗೊಳಿಸಿ, ಲಾಂಛನಗಳನ್ನೆಲ್ಲ ಅಳಿಸಿದ್ದೇವೆ ಎಂದು. ಆ ವರದಿ ಬರೆದ ದಿನ ಮಾರ್ಗರೆಟ್ ಇನ್ನೂ ಬದುಕಿದ್ದರು. ಸಾವಿಗೆ ಒಂದೂವರೆ ವರ್ಷ ಬಾಕಿಯಿತ್ತು.